ಅಂಗಳದ ಚಂದ್ರ, ಪುಸ್ತಕದ ಚಂದ್ರ



ನಿನ್ನೆ ರಾತ್ರಿ ಎಂಟು ಗಂಟೆಗೆ ಚಂದ್ರ ಎಲ್ಲಿದ್ದ? ಮೂಡು ದಿಕ್ಕಿನಲ್ಲೋ, ಪಡು ದಿಕ್ಕಿನಲ್ಲೋ? ಅರ್ಧ ಇದ್ದನೋ, ಪೂರ್ತಿ ಇದ್ದನೋ? ಅಥವಾ ಕಾಣಲೇ ಇಲ್ಲವೋ?

ಥಟ್ಟನೆ ಹೇಳಲು ಬರುವುದಿಲ್ಲ, ಅಲ್ವಾ? ನಾಚಿಕೆ ಬೇಡ. ಹೆಚ್ಚಿನವರಿಗೆ ಬರುವುದಿಲ್ಲ. ದಿನಾ ಕಣ್ಣೆದುರು ಇರುವುದನ್ನು ನಾವು ಗಮನಿಸುವುದು ಕಡಿಮೆ.

ಚಂದ್ರನನ್ನು ಗಮನಿಸಲು ದುಡ್ಡು ಬೇಡ. ದೊಡ್ಡ ದುರ್ಬೀನೂ ಬೇಡ. ಮನೆಯ ಅಂಗಳ, ಒಂದು ಗಡಿಯಾರ, ಒಂದು ನೋಟುಪುಸ್ತಕ, ಒಂದು ಪೆನ್ಸಿಲು ಇದ್ದರೆ ಸಾಕು. ನೀವು ಕಲಿತ ಅಕ್ಷರ, ಕಲಿತ ಲೆಕ್ಕ ಎರಡಕ್ಕೂ ಇದರಲ್ಲಿ ಕೆಲಸ ಉಂಟು.

"ಅದೆಲ್ಲ ಸರಿ. ನಮ್ಮ ಊರಿನಲ್ಲಿ ಚಂದ್ರ ಕಾಣಬೇಕಲ್ಲ? ಮಳೆಗಾಲದಲ್ಲಿ ಎಂತ ನೋಡುವುದು?" ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತಲೂ ಹೆಚ್ಚು ಮಳೆ ಬೀಳುತ್ತದೆ. ಮಳೆ ಬಿಟ್ಟರೆ ಮೋಡ, ಮೋಡ ಬಿಟ್ಟರೆ ಮಂಜು, ಮಂಜು ಬಿಟ್ಟರೆ ಧೂಳು. ಹಾಗಾಗಿ ಚಂದ್ರ ಕಾಣುವ ರಾತ್ರಿ ಏನು ನೋಡಬೇಕು, ಕಾಣದ ರಾತ್ರಿ ಏನು ಬರೆಯಬೇಕು ಎಂಬ ಎರಡನ್ನೂ ಈ ಪಾಠದಲ್ಲಿ ತಿಳಿಯುವಾ.

ಒಂದೇ ಜಾಗ, ಒಂದೇ ಹೊತ್ತು

ಮೊದಲು ಅಂಗಳದಲ್ಲಿ ಒಂದು ಜಾಗ ಆರಿಸಿ. ತುಳಸಿಕಟ್ಟೆಯ ಬದಿ ಆಗಬಹುದು. ಬಾವಿಕಟ್ಟೆಯ ಹತ್ತಿರ ಆಗಬಹುದು. ಅಡಿಕೆ ಒಣಗಿಸುವ ಜಾಗದ ಮೂಲೆಯೂ ಆಗಬಹುದು. ಅಲ್ಲಿ ಒಂದು ಕಲ್ಲು ಇಡಿ. ಪ್ರತಿದಿನ ಅದೇ ಕಲ್ಲಿನ ಹತ್ತಿರ ನಿಂತು ನೋಡಿ. ಜಾಗ ಬದಲಾದರೆ ಮರ, ಮಾಡು, ಗುಡ್ಡೆ ಎಲ್ಲವೂ ಬೇರೆ ಕಡೆ ಕಾಣುತ್ತವೆ. ಆಗ ಚಂದ್ರ ಸರಿದದ್ದೋ ನೀವು ಸರಿದದ್ದೋ ಗೊತ್ತಾಗುವುದಿಲ್ಲ.

ಹೊತ್ತು ಕೂಡ ಒಂದೇ ಇರಲಿ. ರಾತ್ರಿ ಏಳೂವರೆ ಎಂದಿಟ್ಟುಕೊಳ್ಳಿ. ಊಟಕ್ಕೆ ಮೊದಲು ಎರಡು ನಿಮಿಷ ಹೊರಗೆ ಬನ್ನಿ. ಟಾರ್ಚು ಹಿಡಿಯಿರಿ, ಕಾಲಿಗೆ ಚಪ್ಪಲಿ ಹಾಕಿ. ಹಾವು ಚೇಳು ಇರುವ ಊರು ನಮ್ಮದು. ಹೊರಗೆ ನಿಂತ ಮೇಲೆ ಟಾರ್ಚು ಆರಿಸಿ. ಕಣ್ಣು ಕತ್ತಲೆಗೆ ಒಗ್ಗಲಿ.

ಪುಸ್ತಕದಲ್ಲಿ ಐದು ವಿಷಯ ಬರೆಯಿರಿ: ತಾರೀಕು, ಗಂಟೆ, ದಿಕ್ಕು, ಚಂದ್ರನ ಆಕಾರ, ಆಕಾಶ ಹೇಗಿತ್ತು ಎಂಬುದು. ಆಕಾರವನ್ನು ಮಾತಿನಲ್ಲಿ ಬರೆಯಲು ಕಷ್ಟವಾದರೆ ಚಿತ್ರ ಬಿಡಿಸಿ. ಒಂದು ರೂಪಾಯಿ ನಾಣ್ಯ ಇಟ್ಟು ಸುತ್ತ ಗೆರೆ ಎಳೆಯಿರಿ. ಕತ್ತಲೆ ಇದ್ದ ಭಾಗಕ್ಕೆ ಪೆನ್ಸಿಲಿನಿಂದ ಕಪ್ಪು ಹಚ್ಚಿ. ಅಷ್ಟೇ.

ಚಂದ್ರನಿಗೂ ಒಂದು ವೇಳಾಪಟ್ಟಿ ಉಂಟು

ನಮ್ಮ ಜಿಲ್ಲೆಯಲ್ಲಿ ದಿಕ್ಕು ಗುರುತಿಸುವುದು ಸುಲಭ. ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಘಟ್ಟ.

ಅಮಾವಾಸ್ಯೆ ಕಳೆದು ಬಿದಿಗೆ ತದಿಗೆಯ ಹೊತ್ತಿಗೆ ಚಂದ್ರ ಸಂಜೆ ಪಡುದಿಕ್ಕಿನಲ್ಲಿ ಕಾಣುತ್ತಾನೆ. ಉಗುರಿನ ತುದಿಯ ಹಾಗೆ ತೆಳ್ಳಗೆ. ಸೂರ್ಯನ ಹಿಂದೆಯೇ ಸಮುದ್ರದ ಕಡೆಗೆ ಇಳಿಯುತ್ತಾನೆ. ಶುಕ್ಲ ಪಕ್ಷದ ಅಷ್ಟಮಿಗೆ ಅರ್ಧ ಚಂದ್ರ. ಸೂರ್ಯ ಮುಳುಗುವಾಗ ಅವನು ಹೆಚ್ಚುಕಡಿಮೆ ನೆತ್ತಿಯ ಕಡೆ ಇರುತ್ತಾನೆ, ನಡುರಾತ್ರಿಯ ಹೊತ್ತಿಗೆ ಮುಳುಗುತ್ತಾನೆ. ಹುಣ್ಣಿಮೆಯಂದು ಪಡುವಣದಲ್ಲಿ ಸೂರ್ಯ ಇಳಿಯುವಾಗ ಮೂಡಣದಲ್ಲಿ ಚಂದ್ರ ಏಳುತ್ತಾನೆ. ತಕ್ಕಡಿಯ ಎರಡು ತಟ್ಟೆಗಳ ಹಾಗೆ.

ಕೃಷ್ಣ ಪಕ್ಷದ ಅಷ್ಟಮಿಗೆ ಚಂದ್ರ ಮೂಡುವುದು ನಡುರಾತ್ರಿಯ ಹೊತ್ತಿಗೆ. ಶ್ರೀಕೃಷ್ಣ ಜನ್ಮಾಷ್ಟಮಿಯಂದು ಚಂದ್ರೋದಯಕ್ಕೆ ಅರ್ಘ್ಯ ಕೊಡಲು ಮನೆಮಂದಿ ನಿದ್ದೆಗೆಟ್ಟು ಕಾಯುವುದು ನಿಮಗೆ ಗೊತ್ತಲ್ಲ? ಕಾರಣ ಇದೇ. ಅಷ್ಟಮಿಯ ಚಂದ್ರ ಬೇಗ ಬರಲಾರ.

ಒಂದು ದಿನಕ್ಕಿಂತ ಮರುದಿನ ಚಂದ್ರ ತಡವಾಗಿ ಮೂಡುತ್ತಾನೆ. ಎಷ್ಟು ತಡ? ಸರಾಸರಿ ಸುಮಾರು 50 ನಿಮಿಷ. ಯಾಕೆ? ಭೂಮಿ ಒಂದು ಸುತ್ತು ತಿರುಗಿ ಬರುವಷ್ಟರಲ್ಲಿ ಚಂದ್ರನೂ ತನ್ನ ದಾರಿಯಲ್ಲಿ ಮೂಡಣಕ್ಕೆ ಸ್ವಲ್ಪ ಮುಂದೆ ಹೋಗಿರುತ್ತಾನೆ. ಅವನನ್ನು ಹಿಡಿಯಲು ಭೂಮಿ ಇನ್ನೂ ಸ್ವಲ್ಪ ತಿರುಗಬೇಕು. ಅದಕ್ಕೆ ಹಿಡಿಯುವ ಹೊತ್ತೇ ಈ 50 ನಿಮಿಷ. ಕೈಯನ್ನು ನೇರ ಚಾಚಿ ಮುಷ್ಟಿ ಕಟ್ಟಿ. ಚಂದ್ರ ಒಂದು ದಿನಕ್ಕೆ ಆ ಮುಷ್ಟಿಯ ಅಗಲಕ್ಕಿಂತ ಸ್ವಲ್ಪ ಹೆಚ್ಚು ಮೂಡಣಕ್ಕೆ ಸರಿಯುತ್ತಾನೆ.

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು 29 ಮತ್ತು ಅರ್ಧ ದಿನ. ಆದ್ದರಿಂದಲೇ ಚಂದ್ರನ ತಿಂಗಳು ಒಮ್ಮೆ 29, ಒಮ್ಮೆ 30 ದಿನ ಆಗುವುದು.

ಆಕಾರ ಬದಲಾಗುವುದು ಯಾಕೆ?

"ಭೂಮಿಯ ನೆರಳು ಬಿದ್ದು ಚಂದ್ರ ಸಣ್ಣದಾಗ್ತಾನೆ" ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ನೆರಳು ಬೀಳುವುದು ಗ್ರಹಣದ ದಿನ ಮಾತ್ರ. ಚಂದ್ರ ಒಂದು ಚೆಂಡು. ಅದರ ಅರ್ಧಕ್ಕೆ ಯಾವಾಗಲೂ ಬಿಸಿಲು. ಆ ಬಿಸಿಲಿನ ಭಾಗದಲ್ಲಿ ನಮಗೆ ಎಷ್ಟು ಕಾಣುತ್ತದೋ ಅಷ್ಟೇ ಅಂದಿನ ಚಂದ್ರ.

ಇದನ್ನು ನಂಬಬೇಡಿ, ಮಾಡಿ ನೋಡಿ. ಕೃಷ್ಣ ಪಕ್ಷದ ಅಷ್ಟಮಿ ಕಳೆದ ಮರುದಿನ ಬೆಳಗ್ಗೆ ಎಂಟು ಗಂಟೆಗೆ ಅಂಗಳಕ್ಕೆ ಬನ್ನಿ. ಬಿಸಿಲು ಇರಬೇಕು. ಪಡುವಣ ಆಕಾಶದಲ್ಲಿ ಬಿಳಿಚಿಕೊಂಡ ಅರ್ಧ ಚಂದ್ರ ಇರುತ್ತಾನೆ. ಒಂದು ನಿಂಬೆಹಣ್ಣನ್ನು ಕೈಚಾಚಿ ಚಂದ್ರನ ಪಕ್ಕಕ್ಕೆ ಹಿಡಿಯಿರಿ. ಈಗ ನಿಂಬೆಹಣ್ಣನ್ನು ನೋಡಿ. ಚಂದ್ರನ ಮೇಲೆ ಯಾವ ಬದಿಗೆ, ಎಷ್ಟು ಬೆಳಕು ಉಂಟೋ, ನಿಂಬೆಹಣ್ಣಿನ ಮೇಲೂ ಅದೇ ಬದಿಗೆ, ಅಷ್ಟೇ ಬೆಳಕು! ಎರಡಕ್ಕೂ ಬೆಳಕು ಕೊಡುವವನು ಒಬ್ಬನೇ ಸೂರ್ಯ. ಮಕ್ಕಳಿಗೂ ತೋರಿಸಿ.

ಒಬ್ಬರು ಅಕ್ಕನ ಪುಸ್ತಕ

ಈಗ ಮೋಡದ ವಿಷಯಕ್ಕೆ ಬರುವಾ. ಕಲಿಕಾ ಕೇಂದ್ರಕ್ಕೆ ಬರುತ್ತಿದ್ದ ಒಬ್ಬರು ಅಕ್ಕ ಇದ್ದರು. ಬೀಡಿ ಕಟ್ಟುವ ಕೆಲಸ. ಚಂದ್ರನ ಪುಸ್ತಕ ಬರೆಯಲು ಒಪ್ಪಿಕೊಂಡವರಲ್ಲಿ ಅವರೇ ಮೊದಲಿಗರು. ಮೇ ತಿಂಗಳ ಕೊನೆಯಲ್ಲಿ ಪುಸ್ತಕ ತಂದು ತೋರಿಸಿದರು. ಒಂದು ದಿನವೂ ಬಿಟ್ಟಿರಲಿಲ್ಲ. ಎಲ್ಲ ದಿನಕ್ಕೂ ಚಂದದ ಚಿತ್ರ.

"ಅಕ್ಕಾ, ಶನಿವಾರ ರಾತ್ರಿ ಜೋರು ಮಳೆ ಇತ್ತಲ್ಲ? ಚಂದ್ರ ಹೇಗೆ ಕಂಡಿತು?" ಎಂದು ಕೇಳಿದೆ.

ಅಕ್ಕ ನಕ್ಕರು. "ಕಾಣಲಿಲ್ಲ ಟೀಚರೇ. ಶುಕ್ರವಾರ ಅರ್ಧ ಇತ್ತು. ಶನಿವಾರ ಸ್ವಲ್ಪ ಜಾಸ್ತಿ ಇರ್ತದಲ್ಲ, ಹಾಗೆ ಅಂದಾಜು ಮಾಡಿ ಬರೆದೆ. ಖಾಲಿ ಬಿಡುವುದು ಹೇಗೆ?"

ಅವರ ಅಂದಾಜು ತಪ್ಪಿರಲಿಲ್ಲ. ಆದರೂ ಆ ಚಿತ್ರ ಅಲ್ಲಿ ಇರಬಾರದಿತ್ತು. ಅದನ್ನು ಹೇಗೆ ಹೇಳುವುದೆಂದು ನನಗೆ ತೋಚಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಕ್ಕನೇ ಮಾತು ತೆಗೆದರು.

"ನೀವು ಎಂತ ಹೇಳ್ತೀರಿ ಅಂತ ಗೊತ್ತಾಯ್ತು. ಅಕ್ಷರ ಬಾರದ ಕಾಲದಲ್ಲಿ ನಾನು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದೆ. ಅದರಲ್ಲಿ ಎಂತ ಉಂಟು ಅಂತ ನೋಡಿರಲಿಲ್ಲ. ಸಾಲ ಯಾರದ್ದೋ, ಜಾಮೀನು ನನ್ನದು. ಮೂರು ವರ್ಷ ಬೀಡಿ ಕಟ್ಟಿ ತೀರಿಸಿದೆ. ಓದದೆ ಒತ್ತಬಾರದು. ನೋಡದೆ ಬರೆಯಲೂಬಾರದು, ಅಲ್ವಾ?"

ಅದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಅಂದಿನಿಂದ ಅವರ ಪುಸ್ತಕದಲ್ಲಿ ಎರಡು ಸಾಲು ಬಂತು. ಒಂದು "ಕಂಡದ್ದು". ಇನ್ನೊಂದು "ಅಂದಾಜು". ನೀವೂ ಹಾಗೆಯೇ ಮಾಡಿ. ಒಂದು ಮಾದರಿ ಇಲ್ಲಿದೆ:

ಸೋಮವಾರ, ರಾತ್ರಿ 7.30. ಕಂಡದ್ದು: ಪಡುದಿಕ್ಕಿನಲ್ಲಿ ತೆಂಗಿನ ಮರದ ಎಡಕ್ಕೆ ತೆಳು ಚಂದ್ರ. ಆಕಾಶ ಶುಭ್ರ. ಅಂದಾಜು: ನಾಳೆ ಇದೇ ಹೊತ್ತಿಗೆ ಇನ್ನೂ ಮೇಲೆ ಇರಬಹುದು.

ಮಂಗಳವಾರ, ರಾತ್ರಿ 7.30. ಕಂಡದ್ದು: ಪೂರ್ತಿ ಮೋಡ. ಚಂದ್ರ ಕಾಣಲಿಲ್ಲ.

ಬುಧವಾರ. ಗಾಳಿಮಳೆ. ಹೊರಗೆ ಹೋಗಲಿಲ್ಲ. ನೋಡಲಿಲ್ಲ. ಅಂದಾಜು: ಗುರುವಾರ ಅರ್ಧಕ್ಕೆ ಹತ್ತಿರ ಇರಬಹುದು.

ಗುರುವಾರ, ರಾತ್ರಿ 7.40. ಕಂಡದ್ದು: ಮೋಡದ ಸಂದಿಯಲ್ಲಿ ಎರಡು ನಿಮಿಷ. ಅರ್ಧಕ್ಕಿಂತ ಸ್ವಲ್ಪ ಕಡಿಮೆ. ನೆತ್ತಿಯಿಂದ ಪಡುವಣಕ್ಕೆ ವಾಲಿ. ಬುಧವಾರದ ಅಂದಾಜು ಸರಿ.

ಇಲ್ಲಿ ಒಂದು ವಿಷಯ ಗಮನಿಸಿ. ಮಂಗಳವಾರ "ಕಾಣಲಿಲ್ಲ". ಬುಧವಾರ "ನೋಡಲಿಲ್ಲ". ಎರಡೂ ಒಂದೇ ಅಲ್ಲ. ಹೊರಗೆ ಬಂದು ಕತ್ತೆತ್ತಿ ನೋಡಿ ಕಾಣದಿದ್ದರೆ ಅದು "ಕಾಣಲಿಲ್ಲ". ಒಳಗೇ ಕೂತಿದ್ದರೆ ಅದು "ನೋಡಲಿಲ್ಲ". "ಕಾಣಲಿಲ್ಲ" ಎಂಬುದೂ ಒಂದು ಸಮಾಚಾರ. ಅಂದು ಆ ಹೊತ್ತಿಗೆ ಮೋಡ ಇತ್ತು ಎಂದು ಅದು ಹೇಳುತ್ತದೆ. "ನೋಡಲಿಲ್ಲ" ಎಂಬುದು ಆಕಾಶದ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದರೆ ಅದೂ ಸತ್ಯ. ಬರೆಯಲು ನಾಚಬೇಡಿ.

ಈ ಕ್ರಮ ಹೊಸದೇನೂ ಅಲ್ಲ. ಮುಸ್ಲಿಂ ಬಂಧುಗಳು ರಂಜಾನ್ ಉಪವಾಸದ 29ನೆಯ ದಿನ ಸಂಜೆ ಪಡುವಣಕ್ಕೆ ಕಣ್ಣಿಟ್ಟು ಕಾಯುತ್ತಾರೆ. ಬಾಲಚಂದ್ರ ಕಂಡ ಸುದ್ದಿ ಖಚಿತವಾದರೆ ಮರುದಿನ ಹಬ್ಬ. ಮೋಡ ಮುಸುಕಿ ಎಲ್ಲಿಯೂ ಕಾಣದಿದ್ದರೆ? ಮೂವತ್ತು ಉಪವಾಸ ಪೂರ್ತಿ ಮಾಡುತ್ತಾರೆ. ಕಾಣದ್ದನ್ನು ಕಂಡೆ ಎನ್ನುವಂತಿಲ್ಲ. ಕಾಣದಿದ್ದರೆ ಏನು ಮಾಡಬೇಕೆಂಬುದಕ್ಕೂ ಅಲ್ಲಿ ನಿಯಮ ಉಂಟು.

ಮಳೆಗಾಲ: ಮೋಡದ ಕಿಂಡಿ

ಸಾಮಾನ್ಯವಾಗಿ ಜೂನ್ 1ರ ಆಸುಪಾಸಿನಲ್ಲಿ ಕೇರಳಕ್ಕೆ ಮುಂಗಾರು ಬರುತ್ತದೆ. ಸೆಪ್ಟೆಂಬರಿನವರೆಗೆ ಆಕಾಶ ನಮ್ಮ ಕೈಯಲ್ಲಿಲ್ಲ. ಆಟಿ ತಿಂಗಳಲ್ಲಂತೂ ವಾರಗಟ್ಟಲೆ "ಕಾಣಲಿಲ್ಲ" ಎಂದೇ ಬರೆಯಬೇಕಾದೀತು. ಬೇಸರ ಬೇಡ. ಈ ದಿನಗಳಲ್ಲಿ ಹೊತ್ತಿನ ನಿಯಮ ಸ್ವಲ್ಪ ಸಡಿಲ ಮಾಡಿ. ಮಳೆ ನಿಂತಾಗ, ಕೈಕಾಲು ತೊಳೆಯಲು ಹೊರಗೆ ಬಂದಾಗ, ಮಲಗುವ ಮೊದಲು ಒಮ್ಮೆ ತಲೆ ಎತ್ತಿ. ಕಿಂಡಿ ಸಿಕ್ಕಿದರೆ ಗಂಟೆ ಸಮೇತ ಬರೆಯಿರಿ.

ಮಳೆ ತೊಳೆದ ಗಾಳಿಯಲ್ಲಿ ಧೂಳು ಇರುವುದಿಲ್ಲ. ಹಾಗಾಗಿ ಆ ಎರಡು ನಿಮಿಷದ ಚಂದ್ರ ಬೇಸಗೆಯ ಚಂದ್ರನಿಗಿಂತ ಸ್ಪಷ್ಟ.

ಮೋಡ ಓಡುವ ರಾತ್ರಿ ಇನ್ನೊಂದು ಚಮತ್ಕಾರ ಕಾಣುತ್ತದೆ. ಚಂದ್ರನೇ ಓಡಿದ ಹಾಗೆ! ಮಕ್ಕಳು "ಚಂದಮಾಮ ಓಡ್ತಾನೆ" ಎನ್ನುತ್ತಾರೆ. ಪರೀಕ್ಷೆ ಮಾಡುವಾ. ಜಗಲಿಯ ಕಂಬಕ್ಕೆ ಒರಗಿ ನಿಲ್ಲಿ. ಮಾಡಿನ ಅಂಚಿಗೆ ಚಂದ್ರ ತಾಗುವ ಹಾಗೆ ನೋಡಿ. ತಲೆ ಅಲ್ಲಾಡಿಸಬೇಡಿ. ಆಗ ಮೋಡ ಓಡುವುದೂ ಚಂದ್ರ ಮಾಡಿನ ಅಂಚಿನಲ್ಲೇ ನಿಂತಿರುವುದೂ ಕಾಣುತ್ತದೆ. ನಿಲ್ಲದ ವಸ್ತುವಿನ ಪಕ್ಕ ಇಟ್ಟು ನೋಡಿದರೆ ನಿಂತದ್ದೂ ಓಡುತ್ತದೆ. ಅಳೆಯಲು ಯಾವಾಗಲೂ ಗಟ್ಟಿ ಗುರುತು ಒಂದು ಬೇಕು.

ಗುಡುಗು ಸಿಡಿಲಿನ ಕಾಲ

ಅಕ್ಟೋಬರ್ ನವೆಂಬರಿನಲ್ಲಿ ತುಲಾವರ್ಷ. ಏಪ್ರಿಲ್ ಮೇಯಲ್ಲಿ ಬೇಸಗೆ ಮಳೆ. ಎರಡರಲ್ಲೂ ಬೆಳಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಮೋಡ, ಸಂಜೆ ಗುಡುಗು. ಈ ಕಾಲದಲ್ಲಿ ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಸಿಡಿಲಿನ ಭಯ ಹೆಚ್ಚು. ಗುಡುಗು ಕೇಳಿಸಿದರೆ ಅಂಗಳದಲ್ಲಿ ನಿಲ್ಲಲೇಬಾರದು. ತೆಂಗಿನ ಮರದ ಬುಡಕ್ಕೆ ಹೋಗಬಾರದು. ಮನೆಯೊಳಗೆ ಹೋಗಿ, ಪುಸ್ತಕದಲ್ಲಿ "ಗುಡುಗು, ನೋಡಲಿಲ್ಲ" ಎಂದು ಬರೆಯಿರಿ. ಚಂದ್ರ ನಾಳೆಯೂ ಬರುತ್ತಾನೆ.

ತುಲಾವರ್ಷದಲ್ಲಿ ಎಷ್ಟೋ ಸಲ ನಡುರಾತ್ರಿ ಕಳೆದು ಆಕಾಶ ಬಿಳುಪಾಗುತ್ತದೆ. ಹಾಲು ಕರೆಯಲು, ರಬ್ಬರ್ ಟ್ಯಾಪಿಂಗಿಗೆ ನಸುಕಿಗೇ ಏಳುವವರಿಗೆ ಇದು ಒಳ್ಳೆಯ ಕಾಲ. ಕೃಷ್ಣ ಪಕ್ಷದ ಕೊನೆಯ ದಿನಗಳಲ್ಲಿ ಬೆಳಗ್ಗೆ ಐದು ಗಂಟೆಗೆ ಮೂಡಣ ನೋಡಿ. ಅಲ್ಲೂ ಒಂದು ತೆಳು ಚಂದ್ರ. ಸಂಜೆಯ ಬಾಲಚಂದ್ರನ ಬೆಳಕು ಪಡುವಣಕ್ಕೆ, ಇವನ ಬೆಳಕು ಮೂಡಣಕ್ಕೆ. ಎರಡರಲ್ಲೂ ಬೆಳಗಿದ ಬದಿ ಸೂರ್ಯ ಇರುವ ಕಡೆಗೇ.

ತೆಳು ಚಂದ್ರನಲ್ಲಿ ಉಳಿದ ಕಪ್ಪು ಭಾಗವೂ ಮಸುಕಾಗಿ ಕಾಣುವುದನ್ನು ನೋಡಿದ್ದೀರಾ? ಅದು ನಮ್ಮ ಭೂಮಿಯ ಬೆಳಕು. ಬಿಸಿಲು ಭೂಮಿಗೆ ಬಿದ್ದು, ಮೋಡ ಸಮುದ್ರಗಳಿಂದ ಹಿಂದಕ್ಕೆ ಹೊಮ್ಮಿ, ಚಂದ್ರನ ಕತ್ತಲೆಗೆ ತಾಗುತ್ತದೆ. ನಮಗೆ ಬೆಳದಿಂಗಳು ಇದ್ದ ಹಾಗೆ ಚಂದ್ರನಿಗೂ ಭೂಮಿಯ ಬೆಳದಿಂಗಳು ಉಂಟು. ನಮ್ಮನ್ನು ಕಾಡುವ ಮೋಡಗಳೇ ಅಲ್ಲಿ ದೀಪ ಹಿಡಿಯುತ್ತವೆ.

ಮಂಜು, ಧೂಳು, ಕೆಂಪು ಚಂದ್ರ

ಡಿಸೆಂಬರಿನಿಂದ ಫೆಬ್ರವರಿವರೆಗೆ ನಮ್ಮ ಊರಿಗೆ ಒಳ್ಳೆಯ ಆಕಾಶ. ಹೊಸದಾಗಿ ಶುರು ಮಾಡುವವರು ಆಗಲೇ ಶುರು ಮಾಡಿ. ಡಿಸೆಂಬರಿನ ಹುಣ್ಣಿಮೆಯ ಚಂದ್ರ ನಡುರಾತ್ರಿ ನೆತ್ತಿಗೆ ಹತ್ತಿರ ಬರುತ್ತಾನೆ. ಜೂನಿನ ಹುಣ್ಣಿಮೆಯವನು ತೆಂಕಿಗೆ ವಾಲಿಯೇ ಹೋಗುತ್ತಾನೆ. ಆದರೆ ಜೂನಿನವನನ್ನು ನೋಡಲು ಮಳೆ ಬಿಡಬೇಕು!

ಬಾಲಚಂದ್ರನ ಓರೆಯೂ ಬದಲಾಗುತ್ತದೆ. ಫೆಬ್ರವರಿ ಮಾರ್ಚಿನಲ್ಲಿ ಸಂಜೆಯ ತೆಳು ಚಂದ್ರ ನೀರಿನ ಮೇಲಿನ ದೋಣಿಯ ಹಾಗೆ ಮಲಗಿರುತ್ತಾನೆ. ಆಗಸ್ಟ್ ಸೆಪ್ಟೆಂಬರಿನಲ್ಲಿ ಒಂದು ಬದಿಗೆ ವಾಲಿರುತ್ತಾನೆ. "ಚಂದ್ರ ವಾಲಿದರೆ ಮಳೆ ಸುರೀತದೆ" ಎಂದು ಯಾರಾದರೂ ಹೇಳಿಯಾರು. ಚಂದ್ರನ ಓರೆಗೆ ಕಾರಣ ವರ್ಷದ ಆಯಾ ಕಾಲದಲ್ಲಿ ಚಂದ್ರ ನಡೆಯುವ ದಾರಿಯ ಓರೆ. ಆ ಕಾಲ ನಮ್ಮಲ್ಲಿ ಮಳೆಗಾಲವೂ ಹೌದು. ಎರಡೂ ಒಟ್ಟಿಗೆ ಬರುತ್ತವೆ. ಒಂದು ಇನ್ನೊಂದಕ್ಕೆ ಕಾರಣ ಅಲ್ಲ.

ಮಾರ್ಚ್ ಏಪ್ರಿಲಿನಲ್ಲಿ ಗಾಳಿಯಲ್ಲಿ ಧೂಳು, ಹೊಗೆ. ಮೂಡುವ ಚಂದ್ರ ಕೆಂಪು ಕೆಂಪು. ಯಾಕೆಂದರೆ ದಿಗಂತದ ಚಂದ್ರನ ಬೆಳಕು ನಮ್ಮ ಕಣ್ಣಿಗೆ ಬರುವಾಗ ಹೆಚ್ಚು ಉದ್ದ ಗಾಳಿಯನ್ನು ದಾಟಬೇಕು. ದಾರಿಯಲ್ಲಿ ನೀಲಿ ಬಣ್ಣ ಚದುರಿಹೋಗುತ್ತದೆ. ಕೆಂಪು ಹಳದಿ ಉಳಿಯುತ್ತದೆ.

ಗುಡ್ಡೆಯ ಮೇಲೆ ಮೂಡುವ ಚಂದ್ರ ದೊಡ್ಡದಾಗಿಯೂ ಕಾಣುತ್ತಾನೆ. ಅದು ಕಣ್ಣಿನ ಭ್ರಮೆ. ಕೈಚಾಚಿ ಕಿರುಬೆರಳನ್ನು ಚಂದ್ರನಿಗೆ ಅಡ್ಡ ಹಿಡಿಯಿರಿ. ಪೂರ್ತಿ ಮುಚ್ಚಿಹೋಗುತ್ತದೆ. ನಾಲ್ಕು ಗಂಟೆ ಕಳೆದು ಚಂದ್ರ ಮೇಲೆ ಬಂದಾಗ ಮತ್ತೆ ಹಿಡಿಯಿರಿ. ಕಿರುಬೆರಳು ಆಗಲೂ ಅಷ್ಟೇ ಮುಚ್ಚುತ್ತದೆ. 3,474 ಕಿಲೋಮೀಟರ್ ಅಗಲದ ಚಂದ್ರ ಕಿರುಬೆರಳಿನ ಹಿಂದೆ ಅಡಗುವುದು ಹೇಗೆ? ಅವನು ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿ ಇರುವುದರಿಂದ.

ಚಂದ್ರನ ಸುತ್ತ ಬಳೆ

ಕೆಲವು ರಾತ್ರಿ ಚಂದ್ರನ ಸುತ್ತ ದೊಡ್ಡ ಬಳೆ ಕಾಣುತ್ತದೆ. ಇದಕ್ಕೆ ಪುಸ್ತಕದ ಭಾಷೆಯಲ್ಲಿ ಪರಿವೇಷ ಎನ್ನುತ್ತಾರೆ. ಬಹಳ ಎತ್ತರದಲ್ಲಿ, ಸಾಮಾನ್ಯವಾಗಿ 6 ಕಿಲೋಮೀಟರಿಗಿಂತಲೂ ಮೇಲೆ, ತೆಳ್ಳಗಿನ ಮೋಡ ಇರುತ್ತದೆ. ನಮ್ಮ ಊರಿನಲ್ಲಿ ಸೆಕೆ ಇದ್ದರೂ ಅಲ್ಲಿ ಕೊರೆಯುವ ಚಳಿ. ಆ ಮೋಡದಲ್ಲಿ ಇರುವುದು ಸಣ್ಣ ಸಣ್ಣ ಮಂಜುಗಡ್ಡೆಯ ಹರಳುಗಳು. ಚಂದ್ರನ ಬೆಳಕು ಅವುಗಳ ಮೂಲಕ ಬಾಗಿ ಬಳೆಯಾಗುತ್ತದೆ. ಕೈಚಾಚಿ ಗೇಣು ಬಿಡಿಸಿ. ಹೆಬ್ಬೆರಳು ಚಂದ್ರನ ಮೇಲೆ ಇಟ್ಟರೆ ಕಿರುಬೆರಳಿನ ತುದಿ ಸುಮಾರಾಗಿ ಬಳೆಗೆ ತಾಗುತ್ತದೆ.

ಚಂದ್ರನಿಗೆ ಅಂಟಿಕೊಂಡೇ ಕಾಣುವ ಸಣ್ಣ ಬಣ್ಣದ ಬಳೆ ಬೇರೆ. ಅದು ತೆಳು ಮೋಡದ ನೀರಿನ ಹನಿಗಳಿಂದ ಆಗುವುದು.

"ಬಳೆ ಕಂಡರೆ ಮಳೆ" ಎಂಬ ಮಾತು ಹಲವು ಕಡೆ ಉಂಟು. ನಿಜವೋ ಸುಳ್ಳೋ? ಎತ್ತರದ ಆ ತೆಳು ಮೋಡ ಕೆಲವು ಸಲ ಮಳೆಯ ಮೋಡಕ್ಕಿಂತ ಮುಂದಾಗಿ ಬರುವುದುಂಟು. ಯಾವಾಗಲೂ ಅಲ್ಲ. ನಿಮ್ಮ ಊರಿನ ಮಟ್ಟಿಗೆ ಉತ್ತರ ನಿಮ್ಮ ಪುಸ್ತಕದಲ್ಲೇ ಸಿಗಬೇಕು. ಬಳೆ ಕಂಡ ದಿನ ಬರೆಯಿರಿ. ಮರುದಿನ ಮಳೆ ಬಂದರೆ "ಬಂತು" ಎನ್ನಿ. ಬಾರದಿದ್ದರೆ "ಬರಲಿಲ್ಲ" ಎಂದು ತಪ್ಪದೆ ಬರೆಯಿರಿ. ಮನಸ್ಸು ಹೊಂದಿಕೆಯಾದದ್ದನ್ನು ಮಾತ್ರ ನೆನಪಿಡುತ್ತದೆ. ತಪ್ಪಿದ್ದನ್ನು ಮರೆಯುತ್ತದೆ. ಪುಸ್ತಕ ಎರಡನ್ನೂ ನೆನಪಿಡುತ್ತದೆ. ಬರವಣಿಗೆಯ ದೊಡ್ಡ ಉಪಕಾರ ಇದೇ.

ದುರ್ಬೀನು ಇದ್ದರೆ

ಬರಿಗಣ್ಣಿಗೆ ಚಂದ್ರನಲ್ಲಿ ಕಪ್ಪು ಕಲೆ ಕಾಣುತ್ತದೆ. ನಮ್ಮ ಹಿರಿಯರು ಅದರಲ್ಲಿ ಮೊಲ ಕಂಡರು. ಶಶ ಎಂದರೆ ಮೊಲ. ಚಂದ್ರನಿಗೆ ಶಶಿ, ಶಶಾಂಕ ಎಂಬ ಹೆಸರು ಬಂದದ್ದು ಹಾಗೆ. ನಿಜದಲ್ಲಿ ಅವು ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಬಯಲುಗಳು. ಬಹುಪಾಲು 300 ಕೋಟಿ ವರ್ಷಕ್ಕಿಂತಲೂ ಹಳೆಯವು.

ಯಾರದ್ದಾದರೂ ಸಣ್ಣ ದುರ್ಬೀನು ಸಿಕ್ಕಿದರೆ ಹುಣ್ಣಿಮೆಗೆ ಕಾಯಬೇಡಿ. ಅರ್ಧ ಚಂದ್ರನ ದಿನ ನೋಡಿ. ಬೆಳಕು ಕತ್ತಲೆ ಕೂಡುವ ಗಡಿಯಲ್ಲಿ ಗುಂಡಿಗಳು ಕಾಣುತ್ತವೆ. ಅಲ್ಲಿ ಸೂರ್ಯ ಆಗಷ್ಟೇ ಮೂಡುತ್ತಿರುತ್ತಾನೆ, ನೆರಳು ಉದ್ದ. ಬೆಳಗಿನ ಬಿಸಿಲಿಗೆ ಅಂಗಳದ ಸಣ್ಣ ಕಲ್ಲಿಗೂ ಉದ್ದ ನೆರಳು ಇರುತ್ತದಲ್ಲ, ಹಾಗೆ. 2023ರ ಆಗಸ್ಟ್ 23ರ ಸಂಜೆ ನಮ್ಮ ಚಂದ್ರಯಾನ-3 ಇಳಿದಾಗಲೂ ಆಕಾಶದಲ್ಲಿ ಹತ್ತಿರ ಹತ್ತಿರ ಅರ್ಧ ಚಂದ್ರ. ಇಳಿದ ಜಾಗದಲ್ಲಿ ಆಗ ಬೆಳಗಿನ ಹೊತ್ತು. ಬಿಸಿಲಿನಿಂದ ಕೆಲಸ ಮಾಡುವ ಯಂತ್ರಕ್ಕೆ ಚಂದ್ರನ ಒಂದು ಹಗಲು, ಅಂದರೆ ನಮ್ಮ ಸುಮಾರು 14 ದಿನ, ಪೂರ್ತಿ ಸಿಗಬೇಕೆಂದು ಹಾಗೆ ಲೆಕ್ಕ ಹಾಕಿದ್ದರು.

ಎರಡು ಎಚ್ಚರಿಕೆ. ದುರ್ಬೀನಿನಲ್ಲಿ ಸೂರ್ಯನನ್ನು ಎಂದೂ ನೋಡಬಾರದು, ಕಣ್ಣು ಹೋಗುತ್ತದೆ. ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಪಸೆ ಆರಿದ ಮೇಲೆಯೇ ಬಿಗಿ ಡಬ್ಬಿಯಲ್ಲಿ ಇಡಿ. ಒರಟು ಬಟ್ಟೆಯಿಂದ ಉಜ್ಜಬೇಡಿ.

ಮೋಡದ ಹಿಂದೆಯೂ ಚಂದ್ರ ನಡೆಯುತ್ತಾನೆ

2025ರ ಸೆಪ್ಟೆಂಬರ್ 7ರ ರಾತ್ರಿ ಚಂದ್ರಗ್ರಹಣ ಇತ್ತು. ರಾತ್ರಿ 11 ಗಂಟೆಯಿಂದ 12 ಗಂಟೆ 22 ನಿಮಿಷದವರೆಗೆ ಚಂದ್ರ ಪೂರ್ತಿ ಭೂಮಿಯ ನೆರಳಿನಲ್ಲಿ ಇದ್ದ. ಚಂದ್ರಗ್ರಹಣವನ್ನು ಬರಿಗಣ್ಣಿನಿಂದ ನೋಡಿದರೆ ಕಣ್ಣಿಗೆ ಏನೂ ತೊಂದರೆ ಇಲ್ಲ. ಆಕಾಶ ಬಿಳುಪಿದ್ದ ಕಡೆ ತಾಮ್ರದ ಬಣ್ಣದ ಚಂದ್ರ ಕಂಡಿತು. ಮೋಡ ಇದ್ದ ಕಡೆ ಕಾಣಲಿಲ್ಲ. ಆದರೆ ಗ್ರಹಣ ಎರಡೂ ಕಡೆ ಅದೇ ಹೊತ್ತಿಗೆ ನಡೆಯಿತು.

ಮಂಜೇಶ್ವರ, ಕುಂಬಳೆಯ ಕಡಲ ಬದಿಯವರಿಗೆ ಇದು ಹೊಸ ಮಾತಲ್ಲ. ಚಂದ್ರ ಮೋಡದಲ್ಲಿ ಅಡಗಿದರೂ ಕಡಲಿನ ಉಬ್ಬರ ಇಳಿತ ನಿಲ್ಲುವುದಿಲ್ಲ. ಉಬ್ಬರವನ್ನು ಎಳೆಯುವುದು ಮುಖ್ಯವಾಗಿ ಚಂದ್ರ. ಅದಕ್ಕೇ ಉಬ್ಬರವೂ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯನ ಸೆಳೆತವೂ ಕೂಡಿ ಉಬ್ಬರ ಹೆಚ್ಚಾಗುತ್ತದೆ. ಮೋಡದ ರಾತ್ರಿ ಚಂದ್ರನ ಗುರುತು ಆಕಾಶದಲ್ಲಿ ಸಿಗದಿದ್ದರೆ ನದಿಯ ಅಳಿವೆಯಲ್ಲಿ ಸಿಗುತ್ತದೆ.

ಮೊದಲು ಹೇಳಿದ ಅಕ್ಕನ ಕಥೆ ಮುಗಿದಿಲ್ಲ. ಆಟಿಯ ಒಂದು ಸಂಕಷ್ಟಿಯ ದಿನ ಅವರ ನೆರೆಮನೆಯ ಅಜ್ಜಿಗೆ ಉಪವಾಸ. ಚಂದ್ರನನ್ನು ನೋಡಿ ಊಟ ಮಾಡುವುದು ಕ್ರಮ. ಹೊರಗೆ ಒಂದೇ ಸಮನೆ ಮಳೆ. ಅಜ್ಜಿ ಜಗಲಿಯಲ್ಲಿ ಕೂತು ಕಾಯುತ್ತಿದ್ದರು. ಅಕ್ಕ ಗೋಡೆಯ ಪಂಚಾಂಗ ತೆಗೆದು ಚಂದ್ರೋದಯದ ಹೊತ್ತು ಓದಿದರು. ತಮ್ಮ ಪುಸ್ತಕ ತೆರೆದರು. ಎರಡು ದಿನದ ಹಿಂದೆ ಕಿಂಡಿಯಲ್ಲಿ ಕಂಡ ಚಂದ್ರನ ಲೆಕ್ಕಕ್ಕೆ ಎರಡು ಐವತ್ತು ನಿಮಿಷ ಕೂಡಿಸಿದರು. ಎರಡೂ ಹೆಚ್ಚುಕಡಿಮೆ ಹೊಂದಿತು.

"ಅಜ್ಜೀ, ಚಂದ್ರ ಮೂಡಿ ಆಯ್ತು. ಮೋಡದ ಹಿಂದೆ ಇದ್ದಾನೆ. ಮೂಡಣಕ್ಕೆ ಕೈಮುಗಿದು ಊಟ ಮಾಡಿ."

"ನೀನು ಕಂಡೆಯಾ ಮಗಾ?"

"ಕಾಣಲಿಲ್ಲ ಅಜ್ಜಿ. ಲೆಕ್ಕ ಹಾಕಿದೆ."

ಅಜ್ಜಿ ಕೈಮುಗಿದು ಎದ್ದರು. ಅಕ್ಕ ಮನೆಗೆ ಬಂದು ಪುಸ್ತಕದಲ್ಲಿ ಬರೆದರು. ಕಂಡದ್ದು: ಮಳೆ, ಚಂದ್ರ ಕಾಣಲಿಲ್ಲ. ಅಂದಾಜು: ಮೂಡಿದ್ದಾನೆ.

ಇವತ್ತು ರಾತ್ರಿ ನಿಮ್ಮ ಪುಸ್ತಕದ ಮೊದಲ ಸಾಲು ಬರೆಯಿರಿ. ಚಂದ್ರ ಕಂಡರೂ ಸರಿ, ಕಾಣದಿದ್ದರೂ ಸರಿ.

ನೀವೇ ಮಾಡಿ

1. ಒಂದು ತಿಂಗಳು ಚಂದ್ರನ ಪುಸ್ತಕ ಬರೆಯಿರಿ. ಕೊನೆಗೆ ಲೆಕ್ಕ ಮಾಡಿ: "ಕಂಡಿತು" ಎಷ್ಟು ದಿನ? "ಕಾಣಲಿಲ್ಲ" ಎಷ್ಟು ದಿನ? "ನೋಡಲಿಲ್ಲ" ಎಷ್ಟು ದಿನ?

2. ಸೋಮವಾರ ರಾತ್ರಿ 8 ಗಂಟೆ 10 ನಿಮಿಷಕ್ಕೆ ಚಂದ್ರ ಮೂಡಿದ. ಬುಧವಾರ ಸುಮಾರು ಎಷ್ಟು ಗಂಟೆಗೆ ಮೂಡಬಹುದು?

3. ಪಂಚಾಂಗದಲ್ಲಿ ಹೇಳಿದ ಹೊತ್ತಿಗಿಂತ ನಿಮ್ಮ ಅಂಗಳದಲ್ಲಿ ಚಂದ್ರ ತಡವಾಗಿ ಕಾಣುತ್ತಾನೆಯೇ? ಅಡ್ಡ ಇರುವುದು ಏನು? ಗುಡ್ಡೆಯೋ, ತೋಟವೋ?

ಹೊಸ ಪದಗಳು

ಶುಕ್ಲ ಪಕ್ಷ: ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ, ಚಂದ್ರ ಬೆಳೆಯುವ ದಿನಗಳು.
ಕೃಷ್ಣ ಪಕ್ಷ: ಹುಣ್ಣಿಮೆಯಿಂದ ಅಮಾವಾಸ್ಯೆಯವರೆಗೆ, ಚಂದ್ರ ಕ್ಷೀಣಿಸುವ ದಿನಗಳು.
ಬಾಲಚಂದ್ರ: ಅಮಾವಾಸ್ಯೆ ಕಳೆದು ಮೊದಲು ಕಾಣುವ ತೆಳು ಚಂದ್ರ.
ದಿಗಂತ: ಆಕಾಶ ನೆಲಕ್ಕೆ ತಾಗಿದ ಹಾಗೆ ಕಾಣುವ ಅಂಚು.
ಪರಿವೇಷ: ಚಂದ್ರ ಅಥವಾ ಸೂರ್ಯನ ಸುತ್ತ ಕಾಣುವ ಬೆಳಕಿನ ಬಳೆ.
ಅಳಿವೆ: ನದಿ ಸಮುದ್ರ ಸೇರುವ ಜಾಗ.